ಹನ್ನೊಂದು ಸೊಪ್ಪು

12 ಏಪ್ರಿಲ್ 2025, ಶನಿವಾರ
ಯೆರೆವಾನ್, ಆರ್ಮೇನಿಯ

ಲೈಬ್ರರಿಯಿಂದ ಬಂದವನು ಸೀದಾ ಮಲಗೋಣ ಅಂತಿದ್ದೆ. ಕೆಳಗಿನ ಮನೆ ತಾತಿಕ್ ಮೆಟ್ಟಿಲ ಹತ್ತಿರವೇ ಹಿಡಿದರು. "ಬಾಲಾ ಜಾನ್, ಬಾ, ಒಂಚೂರು ಕೈ ಹಾಕು." ಇಲ್ಲಿ ಅಜ್ಜಿಗೆ ತಾತಿಕ್ ಅನ್ನೋದು. ಅಜ್ಜಿಯನ್ನು ತಾತ ಅಂತ ಕರೆದ ಹಾಗಾಗಿ ನನಗೆ ಈಗಲೂ ನಗು.

ಅಡುಗೆಮನೆ ಮೇಜಿನ ತುಂಬ ಸೊಪ್ಪು. ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಈರುಳ್ಳಿ ಸೊಪ್ಪು, ಮುಟ್ಟಿದರೆ ಉರಿಯುವ ತುರಿಕೆ ಸೊಪ್ಪು ಕೂಡ. ಝಿಂಗ್ಯಾಲೊವ್ ಹಾತ್ಸ್ ಮಾಡ್ತಿದ್ದರು. ಹಾತ್ಸ್ ಅಂದ್ರೆ ರೊಟ್ಟಿ, ಝಿಂಗ್ಯಾಲ್ ಅಂದ್ರೆ ಕಾರಾಬಾಖ್ ಕಡೆ ಮಾತಲ್ಲಿ ಸೊಪ್ಪು. ಕಾರಾಬಾಖ್ ಅಂದ್ರೆ ಆರ್ಮೇನಿಯನ್ನರೂ ಅಜರ್‌ಬೈಜಾನಿಗಳೂ ಕಾದಾಡಿದ ಗುಡ್ಡಗಾಡು, ತಾತಿಕ್ ಅಲ್ಲಿಯವರು. ನಮ್ಮ ಬೆರಕೆ ಸೊಪ್ಪನ್ನೇ ಹೂರಣದ ಹಾಗೆ ತುಂಬಿದಂತೆ. ತೆಳ್ಳಗೆ ಲಟ್ಟಿಸಿ, ಹೆಚ್ಚಿದ ಸೊಪ್ಪನ್ನು ರಾಶಿ ಹಾಕಿ, ಎರಡು ಅಂಚು ನಡುವಿಗೆ ತಂದು ಚಿವುಟಿ, ತಟ್ಟಿ, ಸಾಜ್ ಮೇಲೆ ಬೇಯಿಸಬೇಕು. ಸಾಜ್ ಅಂದ್ರೆ ಬೋರಲು ಹಾಕಿದ ಬಾಣಲೆಯಂಥ ಹೆಂಚು. ನಾನು ಚಿವುಟಿದ ಎರಡೂ ಬಿಚ್ಚಿಕೊಂಡವು.

ಎಣಿಸಿದೆ, ಹನ್ನೊಂದು ಸೊಪ್ಪು. ತಾತಿಕ್ ಒಂದು ತುತ್ತು ತಿಂದು ಇಟ್ಟುಬಿಟ್ಟರು.

"ಇದಲ್ಲ. ನಮ್ಮೂರ ಗುಡ್ಡದ್ದು ಒಂದಿಲ್ಲ ಇದರಲ್ಲಿ."

ಮಾರ್ಕೆಟ್ಟಿನಲ್ಲಿ ಹೆಸರು ಹೇಳಿ ಕೇಳಿದರಂತೆ. ಸೊಪ್ಪಿನವಳಿಗೆ ಅರ್ಥವೇ ಆಗಲಿಲ್ಲವಂತೆ.

ಅವರ ಊರು ಸ್ಖ್ತೊರಾಶೆನ್. ಬೆರಳೆಣಿಕೆಯಷ್ಟು ಮನೆ. ನಕ್ಷೆಯಲ್ಲಿ ಅದಕ್ಕೆ ಎರಡು ಹೆಸರು, ಆರ್ಮೇನಿಯನ್ನರದು ಒಂದು, ಅಜರ್‌ಬೈಜಾನಿನವರದು ಒಂದು. ಆದರೆ ಊರಿಗಿಂತ ಅಲ್ಲಿನ ಮರಕ್ಕೇ ಹೆಸರು ಜಾಸ್ತಿ. ತ್ನ್‌ಜ್ರಿ ಅಂತಾರೆ. ಕಾಶ್ಮೀರದ ಚಿನಾರ್ ಇದೆಯಲ್ಲ, ಅದೇ ಜಾತಿ. 2,000 ವರ್ಷ ದಾಟಿದೆ ಅಂತ ಊರವರ ಲೆಕ್ಕ. ಬುಡದ ಪೊಟರೆಯೊಳಗೆ ಒಂದು ರೂಮಿನಷ್ಟು ಜಾಗ. ಮಳೆ ಬಂದರೆ ಮಕ್ಕಳೆಲ್ಲ ಅದರೊಳಗೆ ನುಗ್ಗುತ್ತಿದ್ದರಂತೆ.

2022ರ ಡಿಸೆಂಬರ್‌ನಲ್ಲಿ ಲಾಚಿನ್ ದಾರಿ, ಅಂದ್ರೆ ಕಾರಾಬಾಖನ್ನು ಆರ್ಮೇನಿಯಕ್ಕೆ ಜೋಡಿಸುತ್ತಿದ್ದ ರಸ್ತೆ, ಮುಚ್ಚಿತು. ಒಂಬತ್ತು ತಿಂಗಳು ಹಾಗೇ. "ಆಗ ನಮ್ಮನ್ನು ಸಾಕಿದ್ದು ಈ ಸೊಪ್ಪೇ" ಅಂದರು. 2023ರ ಸೆಪ್ಟೆಂಬರ್ 19ಕ್ಕೆ ಅಜರ್‌ಬೈಜಾನ್ ಸೇನೆ ದಾಳಿ ಮಾಡಿತು. ಎರಡು ವಾರದೊಳಗೆ ಒಂದು ಲಕ್ಷಕ್ಕೂ ಜಾಸ್ತಿ ಆರ್ಮೇನಿಯನ್ನರು ಊರು ಬಿಟ್ಟರು. ತಾತಿಕ್ ಗಡಿಯ ಈಚೆ ಆರ್ಮೇನಿಯದ ಗೋರಿಸ್ ತಲುಪೋಕೆ ಒಂದೂವರೆ ದಿನ ಹಿಡಿಯಿತಂತೆ. ಕಾರಲ್ಲಿ ಏಳು ಜನ, ಮಡಿಲಲ್ಲಿ ಸಾಜ್.

1990ರ ದಶಕದ ಯುದ್ಧದಲ್ಲಿ ಆ ಕಡೆಯಿಂದಲೇ ಲಕ್ಷಗಟ್ಟಲೆ ಅಜರ್‌ಬೈಜಾನಿಗಳೂ ಹೀಗೇ ಓಡಿದ್ದರು. ಅದು ಬಾಯಿ ತುದಿಗೆ ಬಂತು. ಅವರ ರೊಟ್ಟಿ ನನ್ನ ಕೈಯಲ್ಲೇ ಇತ್ತು. ಸುಮ್ನಾದೆ.

"ಈಗ ಎಲೆ ಬಿಟ್ಟಿರುತ್ತಾ?" ನನ್ನ ಫೋನಿನ ಕಡೆ ನೋಡಿ ಕೇಳಿದರು. ಹುಡುಕಿದೆ. ಸಿಕ್ಕಿದ ಫೋಟೋ ಎಲ್ಲ ಹಳೆಯವು. ಒಂದನ್ನು ದೊಡ್ಡದು ಮಾಡಿಕೊಟ್ಟೆ. ಅವರು ಮರ ನೋಡಲೇ ಇಲ್ಲ. ಪಕ್ಕದ ಇಳಿಜಾರಿನ ಹುಲ್ಲಿನ ಮೇಲೆ ಬೆರಳಾಡಿಸುತ್ತಾ ಇದ್ದರು.

"ಇಲ್ಲೇ ಇರೋದು" ಅಂದರು. ಮರವಲ್ಲ, ಸೊಪ್ಪು.

ಮೂರು ರೊಟ್ಟಿ ಕಟ್ಟಿಕೊಟ್ಟಿದ್ದಾರೆ. ಓದೋದು ಬೆಟ್ಟದಷ್ಟಿದೆ, ಪುಸ್ತಕ ತೆರೆದಿಲ್ಲ. ಅಮ್ಮನಿಗೆ ಫೋನ್ ಮಾಡಿ, ಬೆರಕೆ ಸೊಪ್ಪಿಗೆ ಏನೇನು ಹಾಕ್ತಿದ್ದೆ ಅಂತ ಕೇಳಿದೆ. "ಹೊನಗೊನ್ನೆ, ಅಣ್ಣೆ, ಗೋಣಿ ಸೊಪ್ಪು... ಕೆರೆ ಹಿಂದಿನ ಹೊಲದ ಬದುವಲ್ಲಿ ಸಿಗ್ತಿತ್ತಲ್ಲೋ, ಸಣ್ಣೆಲೆದು, ಅದಕ್ಕೆ ಏನಂತಿದ್ರು..." ಅಮ್ಮ ಇನ್ನೂ ಯೋಚಿಸ್ತಾನೇ ಇದ್ದಾರೆ, ನಾನು ಲೈನಲ್ಲಿ