ಅಡಿಕೆ ಮೂಟೆಗಳ ನಡುವೆ ಒಂದು ಬ್ಯಾಂಡ್

ಮಾವನಿಗೆ ಮಹಡಿ ಕೋಣೆ ಬೇಕಂತೆ. ಈ ಸಲ ಮಾಲು ಜಾಸ್ತಿ, ಗೋದಾಮಿನಲ್ಲಿ ಜಾಗ ಸಾಲುತ್ತಿಲ್ಲ. "ನಿಮ್ಮ ಆ ಡಬ್ಬಾಗಳನ್ನು ಇಳಿಸಿಕೊಂಡು ಹೋಗಪ್ಪ" ಎಂದರು. ಡಬ್ಬಾ ಎಂದರೆ ನಮ್ಮ ಸ್ಪೀಕರ್‌ಗಳು. ಕಳೆದ ಭಾನುವಾರ ಹೋಗಿ ಬೀಗ ತೆಗೆದೆ. ಗೋಡೆಗೆ ಅಂಟಿಸಿದ್ದ ಮೊಟ್ಟೆ ಟ್ರೇಗಳಲ್ಲಿ ಅರ್ಧ ಉದುರಿದ್ದವು. ಉಳಿದರ್ಧದಲ್ಲಿ ಇಲಿ ಸಂಸಾರ ಹೂಡಿತ್ತು.

ತುಮಕೂರಿನ ಮಂಡಿಪೇಟೆಯ ಹಿಂದಿನ ಗಲ್ಲಿಯ ಈ ಕೋಣೆಯಲ್ಲಿ 2015ರಿಂದ 2019ರವರೆಗೆ ನಾಲ್ಕು ಜನರ ಒಂದು ಬ್ಯಾಂಡ್ ಇತ್ತು. ಹೆಸರು ಬರೆಯುವುದಿಲ್ಲ, ಉಳಿದ ಮೂವರನ್ನು ಕೇಳಿಲ್ಲ. ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಕಾಲೇಜಿನ ಗೆಳೆಯನೊಬ್ಬನದು ಗಿಟಾರ್. ಹಾಡುವವಳು ಅವನ ಚಿಕ್ಕಪ್ಪನ ಮಗಳು. ಡ್ರಮ್ಸ್ ಹುಡುಗ ನಮ್ಮೆಲ್ಲರಿಗಿಂತ ನಾಲ್ಕು ವರ್ಷ ಚಿಕ್ಕವನು, ವಾದ್ಯಗೋಷ್ಠಿಯೊಂದರಲ್ಲಿ ಢೋಲಕ್ ಬಾರಿಸುವವರ ಮಗ.

ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿದ್ದೆವು. ಸದ್ದನ್ನು ತಡೆಯಲು ತೂಕ ಬೇಕು, ರಟ್ಟಿಗೆ ತೂಕವೆಲ್ಲಿ? ಎದುರು ಮನೆಯ ಅಜ್ಜಿ ಮೊದಲ ವಾರವೇ ಮೆಟ್ಟಿಲು ಹತ್ತಿ ಬಂದು, "ನನ್ನ ಧಾರಾವಾಹಿ ಮುಗಿಯುವವರೆಗಾದರೂ ಸುಮ್ಮನಿರಿ ಕಂದಾ" ಎಂದರು. ನಮ್ಮ ಮಾನ ಉಳಿಸಿದ್ದು ಅಡಿಕೆ. ಕೆಳಗೆ ತುಂಬಿದಾಗ ಮಾವ ಮಹಡಿಗೂ ಮೂಟೆ ಹಾಕಿಸುತ್ತಿದ್ದರು. ಎರಡು ಗೋಡೆಗೆ ಆಳೆತ್ತರ ಗೋಣಿಚೀಲ ನಿಂತರೆ, ಚಪ್ಪಾಳೆ ತಟ್ಟಿದಾಗ ಚಪ್ಪಾಳೆಯಷ್ಟೇ ಕೇಳಿಸುತ್ತಿತ್ತು, ಅದರ ಬಾಲ ಕೇಳಿಸುತ್ತಿರಲಿಲ್ಲ. ಮಾಲು ಮಾರಿಹೋದ ವಾರ ಅದೇ ಕೋಣೆ ಬಾವಿಯಾಗುತ್ತಿತ್ತು. ನಮ್ಮ ಮೊದಲ ಹಾಡನ್ನು ಎರಡು ಸಲ ಧ್ವನಿಮುದ್ರಣ ಮಾಡಿದ್ದೇವೆ. ಒಂದರಲ್ಲಿ ಅವಳು ಕಿವಿಯ ಹತ್ತಿರ ಬಂದು ಹಾಡಿದಂತಿದೆ, ಇನ್ನೊಂದರಲ್ಲಿ ಖಾಲಿ ಕಲ್ಯಾಣ ಮಂಟಪದಿಂದ ಕೂಗಿದಂತಿದೆ. ದರ ಏರಲಿ ಎಂದು ಮಾವ ಕಾದು ಕುಳಿತ ವರ್ಷದ್ದು ಮೊದಲನೆಯದು.

ಸಿನಿಮಾ ಬಿಟ್ಟು ಕನ್ನಡದಲ್ಲಿ ಹಾಡು ಕಟ್ಟಬಹುದು ಎಂಬ ಧೈರ್ಯ ನಮಗೆ ಬಂದದ್ದು ರಘು ದೀಕ್ಷಿತ್ ಅವರಿಂದ. 2008ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ನಾನು ಎಸ್‌ಎಸ್‌ಎಲ್‌ಸಿ. ಶಿಶುನಾಳ ಷರೀಫರ ಪದ ಗಿಟಾರಿಗೂ ಕೂರುತ್ತದೆ ಎಂದು ಕೇಳಿದ್ದೇ ತಡ, ನನಗೆ ಗಣಿತದಲ್ಲಿ ಅಂಕ ಕಡಿಮೆಯಾಯಿತು. ಆದರೆ ಷರೀಫರಂತೆ ಬರೆಯಲು ಹೋದ ನಮ್ಮ ಮೊದಲ ಏಳೆಂಟು ಹಾಡುಗಳು ಶುದ್ಧ ಬೊಗಳೆ. ಅಧ್ಯಾತ್ಮಕ್ಕೆ ನಮಗಿನ್ನೂ ವಯಸ್ಸಾಗಿರಲಿಲ್ಲ.

ಹಾಡುವವಳಿಗೆ ಆಗ ಬೆಂಗಳೂರಿನಲ್ಲಿ ಕೆಲಸ. ಪಾಸ್ ಮಾಡಿಸಿಕೊಂಡು ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಓಡಾಡುತ್ತಿದ್ದಳು. ನಿಂತುಕೊಂಡೇ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು ತಂದಳು. ನಿದ್ದೆ, ಡಬ್ಬಿಯ ಚಿತ್ರಾನ್ನ, ಕಿಟಕಿ ಪಕ್ಕದ ಸೀಟಿನ ಜಗಳ. ಚರಣದಲ್ಲಿ ಬರೀ ನಿಲ್ದಾಣಗಳ ಹೆಸರು: ಕ್ಯಾತ್ಸಂದ್ರ, ಹಿರೇಹಳ್ಳಿ, ಸೋಲದೇವನಹಳ್ಳಿ, ಚಿಕ್ಕಬಾಣಾವರ. ನಾನು ರಾಗ ಹಾಕಿದೆ. ಚೆನ್ನಾಗಿಯೇ ಇತ್ತು, ಆದರೆ ಸಪ್ಪೆ. ಡ್ರಮ್ಸ್ ಹುಡುಗ ಎರಡು ದಿನ ಏನೂ ಮಾತನಾಡಲಿಲ್ಲ. ಮೂರನೆಯ ದಿನ, ಪ್ರತಿ ನಿಲ್ದಾಣದ ಹೆಸರು ಬರುವ ಮುಂಚೆ ಅರ್ಧ ಮಾತ್ರೆ ತಡೆದು ಹೊಡೆದ. ಪ್ಯಾಸೆಂಜರ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಹಾಡು ಹಾಗೆ ವಾಲಿತು. ಅವಳು ನಗು ತಡೆಯಲಾರದೆ ಹಾಡುವುದನ್ನೇ ನಿಲ್ಲಿಸಿದಳು. ಆ ಅರ್ಧ ಮಾತ್ರೆಯ ವಿಷಯ ನೆನಪಿಟ್ಟುಕೊಳ್ಳಿ.

2016ರಲ್ಲಿ ಗಣೇಶ ಚೌತಿಯೂ ಜಿಯೋ ಶುರುವಾದದ್ದೂ ಒಂದೇ ದಿನ, ಸೆಪ್ಟೆಂಬರ್ 5. ನಮ್ಮ ಬ್ಯಾಂಡಿನ ಅದೃಷ್ಟ ಎಂಬುದಿದ್ದರೆ ಅದು ಇಷ್ಟೇ. ಅದೇ ತಿಂಗಳು ಪೆಂಡಾಲೊಂದರಲ್ಲಿ ರಸಮಂಜರಿ ಇತ್ತು. ಹುಡುಗನ ಅಪ್ಪ ಹೇಳಿ ಕೇಳಿ ನಮಗೆ ಹದಿನೈದು ನಿಮಿಷ ಕೊಡಿಸಿದರು. ಎರಡು ಸಿನಿಮಾ ಹಾಡಿನ ನಡುವೆ ನಮ್ಮ ರೈಲನ್ನು ತೂರಿಸಿದೆವು. "ಚಿಕ್ಕಬಾಣಾವರ" ಬರುವಷ್ಟರಲ್ಲಿ ಮುಂದಿನ ಸಾಲಿನವರು ಕುರ್ಚಿಯಲ್ಲೇ ಮುಂದಕ್ಕೆ ವಾಲುತ್ತಿದ್ದರು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಬಿಟ್ಟಿ ಡೇಟಾ ಕಾಲ, ವಾರದೊಳಗೆ ಅದು ಎಲ್ಲರ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಿ ನಮಗೇ ವಾಪಸ್ ಬಂತು. ಕಳುಹಿಸಿದವರು ನಮ್ಮ ಸೋದರತ್ತೆ, "ಯಾರೋ ಪಾಪ ನಮ್ಮೂರ ಮಕ್ಕಳಂತೆ" ಎಂಬ ಒಕ್ಕಣೆಯೊಂದಿಗೆ.

ಮುಂದಿನ ಎರಡು ವರ್ಷ ಚೆನ್ನಾಗಿತ್ತು. ಕಾಲೇಜು ಹಬ್ಬಗಳು, ಬೆಂಗಳೂರಿನಲ್ಲಿ ಕೆಲವು ಕಾರ್ಯಕ್ರಮಗಳು. "ಹಣ ಕಡಿಮೆ, ಪ್ರಚಾರ ಜಾಸ್ತಿ" ಎನ್ನುವವರೇ ಕರೆಯುತ್ತಿದ್ದರು, ನಾವೂ ಹೋಗುತ್ತಿದ್ದೆವು. ಎಪ್ಪತ್ತು ಕಿಲೋಮೀಟರ್ ವಾಪಸಾತಿಗೆ ಮೆಜೆಸ್ಟಿಕ್‌ನಿಂದ ರಾತ್ರಿಯ ಬಸ್ಸು. ಗಿಟಾರ್ ಪೆಟ್ಟಿಗೆಗಳು ತೊಡೆಯ ಮೇಲೆ, ಡ್ರಮ್ಸ್ ಡ್ರೈವರ್ ಹಿಂದೆ. ಒಬ್ಬ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲು ಹೊರಟವರು, ಇದೇ ಆ ರೈಲಿನ ಹಾಡಿನವರು ಎಂದು ತಿಳಿದ ಮೇಲೆ, "ರೈಲಿನ ಹಾಡು ಕಟ್ಟಿ ಬಸ್ಸು ಹತ್ತುತ್ತೀರಲ್ಲ, ನಾಚಿಕೆಯಿಲ್ಲವೇ?" ಎಂದು ಹೇಳಿ ಟಿಕೆಟನ್ನೂ ಹರಿದೇ ಕೊಟ್ಟರು. ಬೆಳಗಿನ ಜಾವಕ್ಕೆ ಬಂದ ದಿನ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಮನೆಗೆ ಹೋಗುತ್ತಿದ್ದೆವು.

ನನ್ನ ಹೊಟ್ಟೆಪಾಡು ಆಗಲೂ ಈಗಲೂ ಮಾವನ ಮಂಡಿಯ ಲೆಕ್ಕ ಬರೆಯುವುದು. ಒಂದೇ ಮೂಟೆ ಬಂದರೂ ತಂದವರ ಹೆಸರು, ಊರು, ತೂಕ, ದರ ಎಲ್ಲ ಚೀಟಿಯಲ್ಲಿರಬೇಕು. ಹೆಸರಿಲ್ಲದ ಮೂಟೆಯನ್ನು ಹಮಾಲರು ಮುಟ್ಟುವುದೂ ಇಲ್ಲ. ಹಗಲೆಲ್ಲ ಕೆಳಗೆ ಹೀಗೆ ಬರೆದು, ಸಂಜೆ ಮೇಲೆ ಹೋದರೆ ನನ್ನ ಕೈಯಲ್ಲಿ ಪೆನ್ನೇ ಇರುತ್ತಿರಲಿಲ್ಲ. "ಎಲ್ಲ ಬ್ಯಾಂಡಿನದು" ಎನ್ನುವುದು ನಮ್ಮ ಮಂತ್ರ. ಬಂದ ದುಡ್ಡು ಒಂದು ಬಿಸ್ಕತ್ತು ಡಬ್ಬಕ್ಕೆ, ಅಲ್ಲಿಂದ ಸೌಂಡ್ ಬಾಡಿಗೆಗೆ.

ರಸಮಂಜರಿಯವರ ಬಗ್ಗೆ ನಮಗೆ ಆಗ ತಾತ್ಸಾರ. ಇನ್ನೊಬ್ಬರ ಹಾಡು ಹಾಡುವವರು ಎಂದು. ಕಾರ್ಯಕ್ರಮ ಮುಗಿದ ಮೇಲೆ ಅವರ ಯಜಮಾನರು ವೇದಿಕೆಯ ಹಿಂದೆ ಆಂಪ್ಲಿಫೈಯರ್ ಮೇಲೆ ಕುಳಿತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ನೋಟು ಎಣಿಸಿ ಕೈಗಿಡುತ್ತಿದ್ದರು. ಕಡಿಮೆ ಬಂದರೆ ಅಲ್ಲೇ ಜಗಳ. ಟೆಂಪೊ ಹತ್ತುವಷ್ಟರಲ್ಲಿ ಜಗಳವೂ ಮುಗಿದಿರುತ್ತಿತ್ತು. ಆ ತಂಡ ಇವತ್ತಿಗೂ ಇದೆ. ನಮ್ಮೂರಿನಿಂದ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ತಲೆಮಾರುಗಟ್ಟಲೆ ನಡೆದದ್ದೂ ಬರೀ ಕಲೆಯ ಮೇಲಲ್ಲ ಎಂದು ನನಗೆ ಈಗ ಗುಮಾನಿ.

2019ರಲ್ಲಿ ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಭಾರತಕ್ಕೆ ಬಂತು. ಹಾಡನ್ನು ಎಲ್ಲ ಕಡೆ ಹಾಕಿಸಲು ಒಂದು ಏಜೆನ್ಸಿಯ ಅರ್ಜಿ ತುಂಬಬೇಕಿತ್ತು. ರಾತ್ರಿ ಒಂದು ಗಂಟೆ, ನಾನೊಬ್ಬನೇ. ಸಾಹಿತ್ಯ ಎಂಬಲ್ಲಿ ಅವಳ ಹೆಸರು. ಸಂಗೀತ ಎಂಬಲ್ಲಿ ನನ್ನದು. ಕಲಾವಿದರು ಎಂಬಲ್ಲಿ ಬ್ಯಾಂಡ್. "ಇನ್ನೊಂದು ಹೆಸರು ಸೇರಿಸಿ" ಎಂಬ ಗುಂಡಿ ಅಲ್ಲೇ ಇತ್ತು. ಒತ್ತಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಮರೆತಿರಲಿಲ್ಲ. ಬರೀ ತಾಳ ಹಾಕಿದವನು ಸಂಗೀತಗಾರನಾಗುತ್ತಾನೆಯೇ ಎಂದು ಒಂದು ಕ್ಷಣ ಯೋಚಿಸಿ, ಇಲ್ಲ ಎಂದುಕೊಂಡು, ಮುಂದಿನ ಪುಟಕ್ಕೆ ಹೋದೆ.

ಅದೇ ಡಿಸೆಂಬರಿನಲ್ಲಿ ಸಿನಿಮಾದವರೊಬ್ಬರು ಹಾಡು ಬೇಕೆಂದು ಬಂದರು. ಅವರಿಗೆ ಇಷ್ಟವಾದದ್ದು, ಅವರದೇ ಮಾತಿನಲ್ಲಿ, "ಆ ಊರಿನ ಹೆಸರು ಬಂದಾಗ ಗಕ್ಕನೆ ನಿಲ್ಲುತ್ತದಲ್ಲ, ಅದು." ಕಾಗದಕ್ಕೆ ಇಬ್ಬರ ಸಹಿ ಸಾಕಂತೆ, ಹೆಸರಿದ್ದ ಇಬ್ಬರದು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ, ನುಡಿಸಿದವನಿಗೂ ರಾಯಲ್ಟಿಯಲ್ಲಿ ಪಾಲಿದೆ ಎಂದೆಲ್ಲ ನಾನು ಓದಿದ್ದು ಆಮೇಲೆ. ಡ್ರಮ್ಸ್ ಹುಡುಗನಿಗೆ ಸುದ್ದಿ ತಲುಪಿದ್ದು ನಮ್ಮಿಂದಲ್ಲ, ಅವನ ಅಪ್ಪನ ತಂಡದವರಿಂದ.

ಒಂದು ಸಂಜೆ ಬಂದ. ಕೂಗಾಡಲಿಲ್ಲ. ಸಿಂಬಲ್‌ಗಳ ತಿರುಪು ಬಿಚ್ಚಿ, ಒಂದೊಂದನ್ನೂ ಹಳೆಯ ಟವೆಲಿನಲ್ಲಿ ಸುತ್ತಿದ. ಬಾಗಿಲಲ್ಲಿ ನಿಂತು, "ಅಣ್ಣ, ಕೆಳಗೆ ಮೂಟೆ ಮೂಟೆಗೂ ಹೆಸರು ಬರೆಯುತ್ತೀರಿ" ಎಂದ. ಅಷ್ಟೇ. ಮೆಟ್ಟಿಲು ಇಳಿಯುವಾಗ ಟವೆಲಿನೊಳಗೆ ಸಿಂಬಲ್ ಸಣ್ಣಗೆ ಸದ್ದು ಮಾಡುತ್ತಿತ್ತು.

ಅವಳು ಸಹಿ ಹಾಕಲಿಲ್ಲ. ಗಿಟಾರಿನವನು ನಮ್ಮಿಬ್ಬರಿಗೂ ಬೈದ. ಆ ಸಿನಿಮಾ ಸೆಟ್ಟೇರಲೇ ಇಲ್ಲ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, "ಕೊರೊನಾದಿಂದ ಬ್ಯಾಂಡ್ ನಿಂತುಹೋಯಿತು" ಎಂದು ಊರಿಗೆಲ್ಲ ಹೇಳಲು ನನಗೆ ಅನುಕೂಲವಾಯಿತು.

ಭಾನುವಾರ ಸ್ಪೀಕರ್ ಇಳಿಸಿದ ಮೇಲೆ ಹಮಾಲರು ಮೂಟೆ ಹೊತ್ತು ತಂದರು. ಚೀಟಿಗಳನ್ನು ಬರೆದದ್ದು ನಾನೇ. ರಾತ್ರಿ ಮನೆಗೆ ಹೋಗಿ, ಪಾಸ್‌ವರ್ಡ್ ಹುಡುಕಿ, ಆ ಏಜೆನ್ಸಿಯ ಪುಟ ತೆರೆದು, ಸಂಗೀತ ಎಂಬಲ್ಲಿ ಅವನ ಹೆಸರು ಸೇರಿಸಿದೆ. ಇದರಿಂದ ಅವನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ದುಡ್ಡು ಕೊಡುತ್ತಿಲ್ಲ, ನಮ್ಮದು ಏಳುನೂರರ ಆಸುಪಾಸಿನಲ್ಲಿದೆ. ಅದರಲ್ಲಿ ಸೋದರತ್ತೆಯದೇ ಎಷ್ಟೋ.

ಮೂರು ದಿನಕ್ಕೆ ಹೆಸರು ಕಾಣಿಸಿಕೊಂಡಿತು. ಪುಟದ ಚಿತ್ರ ತೆಗೆದು ಅವನಿಗೆ ಕಳುಹಿಸಿದೆ, ಜೊತೆಗೆ ಏನು ಬರೆಯಬೇಕೆಂದು ತೋಚದೆ ಏನೂ ಬರೆಯಲಿಲ್ಲ. ನೀಲಿ ಗೆರೆ ಬಂದು ಇಡೀ ದಿನ ಹಾಗೇ ಇತ್ತು. ರಾತ್ರಿ ಹನ್ನೊಂದೂವರೆಗೆ, ಬಹುಶಃ ಎಲ್ಲೋ ಕಾರ್ಯಕ್ರಮ ಮುಗಿಸಿ ಟೆಂಪೊ ಹತ್ತಿದ ಮೇಲೆ, ಉತ್ತರ ಬಂತು.

"ಇನಿಷಿಯಲ್ ತಪ್ಪಾಗಿದೆ ಅಣ್ಣ."

ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಿದ್ದೇನೆ.