ಮಾಗಡಿ ಕೆರೆಯ ಹಕ್ಕಿ ರಾತ್ರಿ ಎಲ್ಲಿರುತ್ತೆ?

ಬೆಳಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ನಿಂತಿದ್ದೆ. ನೀರಿತ್ತು, ಮಂಜಿತ್ತು. ಹೆಬ್ಬಾತು ಮಾತ್ರ ಒಂದೂ ಇರಲಿಲ್ಲ.

ಇದು ಗದಗ ಜಿಲ್ಲೆಯ ಮಾಗಡಿ, ಬೆಂಗಳೂರು ಪಕ್ಕದ್ದಲ್ಲ. ಹಿಂದಿನ ಎರಡು ದಿನ ಲಕ್ಕುಂಡಿ, ಲಕ್ಷ್ಮೇಶ್ವರ ಅಂತ ಸುತ್ತಿದ್ದೆ. ಮನಸ್ಸೆಲ್ಲ ಈ ಕೆರೆ ಮೇಲೇ ಇತ್ತು. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ 8,000ದಷ್ಟು ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಇದು. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

ಲಾಡ್ಜಿನಲ್ಲಿ ಒಬ್ಬರು "ಸೂರ್ಯ ಹುಟ್ಟೋ ಮುಂಚೆ ಹೋಗಿ" ಅಂದಿದ್ದರು. ಅದನ್ನು ನಂಬಿ ನಾಲ್ಕೂವರೆಗೆ ಎದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಹೋಗುವುದಾದರೆ ಬಿಸಿಲು ಏರಿದ ಮೇಲೆ ಹೋಗಿ, ಸಾಕು.

ಏರಿ ಕೆಳಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನನ್ನನ್ನು ನೋಡಿ ನಿಂತರು. "ಅಲ್ಲೇನ್ ನೋಡ್ತೀ ಯವ್ವಾ? ಅವು ರಾತ್ರೀನ ಉಣ್ಣಾಕ ಹೋಗ್ಯಾವ. ನಮ್ಮ ಹೊಲಕ್ಕ."

ಅವರ ಹಿಂದೆಯೇ ಹೊರಟೆ. ಎರೆ ಮಣ್ಣಿನ ಹೊಲ, ಮೊಣಕಾಲಿಗೂ ಬಾರದ ಕಡಲೆ ಗಿಡ. ಎಲೆ ಮೇಲಿನ ಇಬ್ಬನಿ ಬೆರಳಿಗೆ ತಾಗಿತು. ನೆಕ್ಕಿದರೆ ಹುಳಿ. ಒಂದು ಮೂಲೆಯಲ್ಲಿ ಕುಡಿಗಳನ್ನೆಲ್ಲ ಕತ್ತರಿಸಿದ ಹಾಗಿತ್ತು. ಸಾಲಿನ ನಡುವೆ ಒಣಗಿದ ಹಿಕ್ಕೆ, ಬೆರಳುದ್ದ, ಹಸಿರು. ಮುರಿದು ನೋಡಿದೆ, ಒಳಗೆಲ್ಲ ಬರೀ ನಾರು.

"ಸಿಟ್ಟು ಬರಲ್ವಾ ಅಜ್ಜಾ?"

"ಬರ್ತೈತಿ. ಶೇಂಗಾ ಕಿತ್ತ ಮ್ಯಾಲೆ ಬಿದ್ದಿದ್ದು ತಿಂದ್ರ ತಿನ್ಲಿ, ಅದು ಅವುಗಳ ಪಾಲು. ಕಡ್ಲಿ ಎಳೀದಿದ್ದಾಗ ಬಂದ್ರ ಹೊಟ್ಟಿ ಉರಿತೈತಿ."

ನಾನು ಅಲ್ಲಿಯವರೆಗೆ ಕೆರೆ ಉಳಿದರೆ ಹಕ್ಕಿ ಉಳಿಯಿತು ಅಂದುಕೊಂಡಿದ್ದೆ. ವನ್ಯಜೀವಿಗಳನ್ನು ಉಳಿಸಲು ಕಾನೂನಿನಡಿ ಸಂರಕ್ಷಣಾ ಮೀಸಲು ಅಂತ ಘೋಷಿಸುವುದು ಸರ್ಕಾರಿ ಜಾಗವನ್ನು. ಕೆರೆ ಅದರೊಳಗೆ ಬರುತ್ತೆ. ಹೆಬ್ಬಾತಿನ ಊಟ ಇರೋದು ಪಕ್ಕದ ಖಾಸಗಿ ಹೊಲದಲ್ಲಿ. ಹೊಲ ಲೇಔಟ್ ಆದರೆ? ಕೆರೆಗೂ ಹೊಲಕ್ಕೂ ನಡುವೆ ಹೈಟೆನ್ಷನ್ ತಂತಿ ಬಂದರೆ? ಗದಗದ ಸುತ್ತ ಗಾಳಿಯಂತ್ರಗಳೂ ಜಾಸ್ತಿ. ಅವನ್ನು ಎಲ್ಲಿ ನೆಡಬೇಕು ಅನ್ನುವಾಗ ಹಕ್ಕಿ ರಾತ್ರಿ ಓಡಾಡುವ ದಾರಿಯನ್ನೂ ನಕ್ಷೆಯಲ್ಲಿ ಬರೆಯಬೇಕು ಅಲ್ವಾ?

ಹೊಲಗಳನ್ನೂ ಮೀಸಲಿಗೆ ಸೇರಿಸಿದರೆ ಹೇಗೆ ಅಂತ ಕೇಳಿಬಿಟ್ಟೆ. ಅಜ್ಜನ ಮುಖ ಬಿಗಿಯಿತು.

"ಗೆರಿ ಎಳದು ಹೊಲ ಕಸ್ಕೊಂಡ್ರ ನಾವೆಲ್ಲಿ ಹೋಗಬೇಕ?"

ಸ್ವಲ್ಪ ದೂರ ಸುಮ್ನೆ ನಡೆದರು. ಆಮೇಲೆ ತಾವೇ ಮಾತು ತೆಗೆದರು. "ಕೆರಿ ಹತ್ರದ ನಾಕು ಹೊಲ, ಶೇಂಗಾ ಕಿತ್ತ ಮ್ಯಾಲೆ ಹರಗದ ಹಂಗ ಬಿಡ್ತೀವಿ. ಕಡ್ಲಿ ಹಾಕಂಗಿಲ್ಲ. ಆ ಹಂಗಾಮಿನ ರೊಕ್ಕ ಕೊಡ್ಲಿ. ಹಕ್ಕಿ ಅಲ್ಲೇ ಮೇಯ್ತಾವ, ಉಳಿದವ್ರ ಬೆಳಿ ಉಳಿತೈತಿ."

ಹೊಲ ಅವರದೇ, ಒಂದು ಹಂಗಾಮು ಹಕ್ಕಿಯದು. ಇದಕ್ಕಿಂತ ಒಳ್ಳೆ ಯೋಜನೆ ನಾನು ಎಲ್ಲೂ ಓದಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂದಿದೆ. ಮರಕ್ಕೆ ಆದದ್ದು ಹೊಲಕ್ಕೂ ಆಗಬೇಕು.

ಎಂಟೂವರೆ ದಾಟಿರಬೇಕು. ಮೊದಲು ಕೇಳಿಸಿದ್ದು ಸದ್ದು, ಮೂಗಿನಿಂದ ಕೂಗಿದ ಹಾಗೆ. ಆಮೇಲೆ ಸಾಲು ಸಾಲಾಗಿ ಬಂದವು. ನೀರಿನ ಮೇಲೆ ಬರುತ್ತಲೇ ಮೈ ಓರೆ ಮಾಡಿ ದೊಪದೊಪ ಇಳಿದವು. ಬಿಳಿ ತಲೆ ಹಿಂದೆ ಎರಡು ಕಪ್ಪು ಪಟ್ಟೆ ಬರಿಗಣ್ಣಿಗೇ ಕಾಣುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ.

ಅಜ್ಜ ಕೆರೆ ನೋಡುತ್ತಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು, ಸಾಲು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ನೋಡುತ್ತಿದ್ದರು.

"ಇವತ್ತು ನಮ್ಮ ಹೊಲ ಅಲ್ಲ," ಅಂದರು. "ಆ ಕಡೀದು."