ಟ್ಯಾಂಕ್ ತುಂಬಿದ್ದಾಗ ಮಿಸ್ಸಿಂಗ್ ಇರಲಿಲ್ಲ

ವಿಜಯಪುರದ ಅಥಣಿ ರಸ್ತೆಯಲ್ಲಿ ನಮ್ಮ ಗ್ಯಾರೇಜ್ ಇದೆ. ಹಳೇ ಡೀಸೆಲ್ ಪಿಕಪ್‌ಗಳೇ ಜಾಸ್ತಿ ಬರುತ್ತವೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಕಾಕಾ ಒಬ್ಬರು ಎರಡು ತಿಂಗಳಲ್ಲಿ ಮೂರು ಸಲ ಬಂದರು.

"ತಮ್ಮಾ, ತ್ವಾಟದಿಂದ ಹೊಂಟ್ರ ಮಿಸ್ಸಿಂಗ್ ಹೊಡಿತೈತಿ. ನಿನ್ನ ಮುಂದ ತಂದು ನಿಲ್ಲಿಸಿದ್ರ ಏನೂ ಇಲ್ಲ ನೋಡು."

ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರ್ ನಡುನಡುವೆ ಉರಿಯದೆ ಇಂಜಿನ್ ತಡವರಿಸುವುದು. ನನ್ನ ಮುಂದೆ ನಿಜಕ್ಕೂ ಏನೂ ಇರಲಿಲ್ಲ. ಇಂಜಿನ್ ಚಾಲೂ ಇಟ್ಟು, ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗೆ ಹೋಗುವ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿದೆ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೋ ಅದರ ನಟ್ ಸಡಿಲಿಸಿದರೆ ಇಂಜಿನ್ ಸದ್ದು ಬದಲಾಗುವುದಿಲ್ಲ. ಇಲ್ಲಿ ನಾಲ್ಕಕ್ಕೂ ಸದ್ದು ಒಂದೇ ಥರ ಬಿತ್ತು. (ಇದು ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಎಲ್ಲ ನಾಝಲ್ಲಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಹೊಸ ಥರದ ಕಾಮನ್ ರೇಲ್ ಗಾಡಿಯಲ್ಲಿ ದಯವಿಟ್ಟು ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.) ನಾಲ್ಕೂ ಸರಿ ಇವೆ ಅಂತ ಗೊತ್ತಾದ ಮೇಲೂ ನಾನು ನಾಝಲ್ ಬಿಚ್ಚಿ ಪಂಪ್ ರಿಪೇರಿ ಅಂಗಡಿಗೆ ಕಳಿಸಿದೆ. ಅದು ನನ್ನ ತಪ್ಪು. ಕಾಕಾನ ದುಡ್ಡು ಸುಮ್ನೆ ಹೋಯಿತು.

ಮೂರನೇ ಸಲ ಸ್ಪ್ಯಾನರ್ ಮುಟ್ಟಲಿಲ್ಲ. ಚಹಾ ತರಿಸಿ, ಕೂತು ಕೇಳಿದೆ. ಬೆಳಿಗ್ಗೆನಾ, ಮಧ್ಯಾಹ್ನನಾ? ಲೋಡ್ ಇದ್ದಾಗಲಾ? ಇಲ್ಲಿಗೆ ಬರುವಾಗ ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ? ಕಾಕಾ ಅಂದರು, "ಪಂಪಿನ್ಯಾಗ ಡೀಸೆಲ್ ಹಾಕಿಸ್ಕೊಂಡ ಬರ್ತೀನಿ. ಊರಿಗಿ ಬಂದಾಗ ಟ್ಯಾಂಕ್ ಫುಲ್ ಮಾಡೂದು ನನ್ನ ರೂಢಿ."

ಅಂದರೆ ಪ್ರತಿ ಸಲ ನನ್ನ ಮುಂದೆ ನಿಂತದ್ದು ಟ್ಯಾಂಕ್ ತುಂಬಿದ ಗಾಡಿ. ತೋಟದಲ್ಲಿ ಮಿಸ್ಸಿಂಗ್ ಹೊಡೆಯುತ್ತಿದ್ದದ್ದು ಅರ್ಧ ಖಾಲಿಯಾದ ಗಾಡಿ.

ಟ್ಯಾಂಕಿನಿಂದ ಡೀಸೆಲ್ ಇಳಿಸಿ ಅರ್ಧಕ್ಕಿಂತ ಕಡಿಮೆ ಮಾಡಿದೆ. ಫಿಲ್ಟರ್‌ಗೆ ಹೋಗುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ. ತಿಕೋಟಾ ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಮಿಸ್ಸಿಂಗ್ ಶುರುವಾಯಿತು. ಬಾನೆಟ್ ಎತ್ತಿ ನೋಡಿದರೆ ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಏರ್ ಹಿಡಿದಿತ್ತು.

ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪ್ ಒತ್ತಿದ್ದೆಲ್ಲ ಗಾಳಿ ಕುಗ್ಗಿಸುವುದರಲ್ಲೇ ಹೋದರೆ ನಾಝಲ್ ತೆರೆಯುವಷ್ಟು ಒತ್ತಡ ಸಿಗುವುದಿಲ್ಲ. ಆ ಸಿಲಿಂಡರ್ ಆ ಹೊತ್ತಿಗೆ ಉರಿಯುವುದಿಲ್ಲ. ಗುಳ್ಳೆಗಳು ಫಿಲ್ಟರಿನ ಮೇಲ್ಭಾಗದಲ್ಲಿ ಸೇರುತ್ತಾ ಹೋಗಿ, ಒಮ್ಮೆಗೇ ಮುಂದೆ ನುಗ್ಗುತ್ತವೆ. ಅದಕ್ಕೇ ಮಿಸ್ಸಿಂಗ್ ಬಂದು ಬಂದು ಹೋಗುತ್ತಿತ್ತು. ಎಲ್ಲೂ ಡೀಸೆಲ್ ಸೋರಿದ ಗುರುತು ಇರಲಿಲ್ಲ. ಪಂಪ್ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಕಡೆ ತೂತಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿಯೇ ಒಳಗೆ ಹೋಗುತ್ತದೆ.

ಆದರೂ ಈ ಸಲ ಆತುರ ಮಾಡಲಿಲ್ಲ. ಐದು ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಅದರಿಂದ ಬೇರೆ ಪೈಪ್ ಕೊಟ್ಟು ಅದೇ ರಸ್ತೆಯಲ್ಲಿ ಓಡಿಸಿದೆ. ಒಂದು ಗುಳ್ಳೆಯೂ ಬರಲಿಲ್ಲ. ಪಂಪ್, ನಾಝಲ್, ಫಿಲ್ಟರ್ ಎಲ್ಲ ಸರಿ ಇದ್ದವು. ದೋಷ ಟ್ಯಾಂಕ್ ಕಡೆಗೇ ಇತ್ತು.

ಟ್ಯಾಂಕಿನೊಳಗೆ ಇಳಿದು ಡೀಸೆಲ್ ಎಳೆಯುವ ಸಕ್ಷನ್ ಪೈಪ್ ಹೊರಗೆ ತೆಗೆದೆ. ಸರಿಯಾಗಿ ನಡುಮಟ್ಟದಲ್ಲಿ ತುಕ್ಕು ತಿಂದು, ಸೂಜಿ ಮೊನೆಯಷ್ಟು ತೂತು ಬಿದ್ದಿತ್ತು. ಡೀಸೆಲ್ ಅದರ ಮೇಲೆ ಇರುವವರೆಗೆ ತೊಂದರೆ ಇಲ್ಲ. ಕೆಳಗಿಳಿದರೆ ಗಾಳಿ ಎಳೆಯುತ್ತದೆ. ದ್ರಾಕ್ಷಿ ಹಂಗಾಮು ಮುಗಿದ ಮೇಲೆ ಆ ಗಾಡಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲೇ ನಿಲ್ಲುತ್ತದಂತೆ. ಖಾಲಿ ಜಾಗದ ಗಾಳಿಯಲ್ಲಿನ ತೇವವೇ ಪೈಪನ್ನು ತಿಂದಿರಬೇಕು.

ಹೊಸ ಪೈಪ್ ಹಾಕಿದೆ, ಟ್ಯಾಂಕ್ ತೊಳೆಸಿದೆ, ಏರ್ ತೆಗೆದೆ. ಕೂಲಿ ತೆಗೆದುಕೊಳ್ಳಲಿಲ್ಲ. ಪಾರದರ್ಶಕ ಪೈಪನ್ನು ಹಾಗೇ ಬಿಟ್ಟು, "ಕಾಕಾ, ಮುಳ್ಳು ಕೆಳಗ ಬರೂತನಕಾ ಡೀಸೆಲ್ ಹಾಕಸಬ್ಯಾಡ್ರಿ, ಹಂಗ ಬರ್ರಿ" ಅಂದೆ. ನಾಲ್ಕನೇ ದಿನ ಒಣದ್ರಾಕ್ಷಿ ಲೋಡ್ ಸಮೇತ ಬಂದರು. ಮುಳ್ಳು ಕೆಂಪು ಗೆರೆಯ ಹತ್ತಿರ ಇತ್ತು. ಪೈಪಿನಲ್ಲಿ ಗುಳ್ಳೆ ಇರಲಿಲ್ಲ. ಬಿಸಿಗೆ ಅದು ಗಟ್ಟಿಯಾಗಿ ಒಡೆಯುತ್ತದೆ ಅಂತ ಬಿಚ್ಚಿ, ಡೀಸೆಲ್‌ಗೆ ಅಂತಲೇ ಬರುವ ರಬ್ಬರ್ ಪೈಪ್ ಹಾಕಿ ಕಳಿಸಿದೆ.